ಅಲ್ಲಿ ಹೆಸರು ತೆಗೆಸಿ, ಇಲ್ಲಿ ಸೇರಿಸಿ

ಕಂಪ್ಯೂಟರ್ ರಿಪೇರಿಯವನಿಗೆ ನಗುವ ಸಂದರ್ಭಗಳಿಗೆ ಬರಗಾಲವಿಲ್ಲ. ಆದರೆ ಗಿರಾಕಿ ಎದುರಿಗೇ ಕುಳಿತಿರುತ್ತಾನೆ, ಆಗ ನಗುವಂತಿಲ್ಲ. ತಡೆದುಕೊಂಡು ಬಂದು ಮನೆಯಲ್ಲಿ ನಗಬೇಕು.

ಹೊಸಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಈಚಿನ ಎರಡು ವರ್ಷಗಳಲ್ಲಿ ನಮ್ಮ ಕಡೆಯ ಹಳೆಯ ಕಂಪ್ಯೂಟರುಗಳೆಲ್ಲ ಮಾತಾಡಿಕೊಂಡವರ ಹಾಗೆ ಒಟ್ಟಿಗೇ ಕೈಕೊಡತೊಡಗಿದವು. ಹೊಸದು ತಂದವರಿಗೆಲ್ಲ ಒಂದೇ ತಕರಾರು. ಹಳೆಯದರಲ್ಲಿದ್ದ ಸಾಫ್ಟ್‌ವೇರ್ ಹೊಸದರಲ್ಲಿ ಓಡುವುದಿಲ್ಲ, ಏಕೆಂದರೆ ಅದರ ಲೈಸೆನ್ಸ್ ಹಳೆಯದಕ್ಕೇ ಅಂಟಿಕೊಂಡಿರುತ್ತದೆ. ಇದನ್ನು ವಿವರಿಸಿ ವಿವರಿಸಿ ಬಾಯಿ ಒಣಗಿದ ಮೇಲೆ ನನಗೊಂದು ಉದಾಹರಣೆ ಸಿಕ್ಕಿತು.

"ಲಗ್ನ ಆದ ಹೆಣ್ಮಗಳ ಹೆಸರು ರೇಷನ್ ಕಾರ್ಡಿನಾಗ ಹೆಂಗ್ ಮಾಡ್ತೀರಿ? ಮೊದಲು ತವರುಮನಿ ಕಾರ್ಡಿನಿಂದ ತೆಗೆಸ್ಬೇಕು, ಆಮ್ಯಾಲೆ ಗಂಡನ ಮನಿ ಕಾರ್ಡಿಗೆ ಸೇರಿಸ್ಬೇಕು. ಎರಡೂ ಕಡಿ ಇರಂಗಿಲ್ಲ. ಲೈಸೆನ್ಸೂ ಹಂಗ ನೋಡ್ರಿ."

ಇದು ಎಲ್ಲರಿಗೂ ತಕ್ಷಣ ತಿಳಿಯುತ್ತಿತ್ತು. ನಮ್ಮವ್ವನಿಗೆ ಮಾತ್ರ ಇದನ್ನು ಕೇಳಿದರೆ ಮೈಯೆಲ್ಲ ಉರಿ. "ಊರವರ ಹೆಣ್ಮಕ್ಕಳ ಹೆಸರಿನ ಚಿಂತಿ ನಿನಗ್ಯಾಕಲೇ? ನಮ್ಮ ಕಾರ್ಡಿಗೆ ಒಂದು ಹೆಸರು ಸೇರಿಸೋದು ನೋಡು" ಎನ್ನುತ್ತಿದ್ದಳು. ಅವಳು ಹೇಳುವುದರಲ್ಲಿ ತಪ್ಪಿರಲಿಲ್ಲ. ನನಗೆ ಮೂವತ್ತನಾಲ್ಕು ತುಂಬಿತ್ತು. ಮೂರು ಕಡೆ ಹೆಣ್ಣು ನೋಡಲು ಹೋಗುವಾಗ ಯಾರದೋ ಕಂಪ್ಯೂಟರ್ ಅಡ್ಡಬಂದು, ತಡವಾಗಿ ಹೋಗಿ, ಮೂರೂ ಸಂಬಂಧ ಕೈತಪ್ಪಿದ್ದವು. ಇನ್ನೊಂದು ತಪ್ಪಿದರೆ ತಾನು ಹೆಣ್ಣು ಹುಡುಕುವುದಿಲ್ಲವೆಂದು ಅವ್ವ ಕುಲದೇವರ ಮುಂದೆ ನಿಂತು ಹೇಳಿಬಿಟ್ಟಿದ್ದಳು.

೧. ಅರ್ಜಿಯ ಜೊತೆ ಎರಡು ಫೋಟೊ

ಬುಕ್ಕಸಾಗರದಲ್ಲಿ ಒಬ್ಬ ಟೈಪಿಂಗ್ ಅಣ್ಣ ಇದ್ದಾರೆ. ಸುತ್ತಮುತ್ತಲಿನ ಊರುಗಳ ಪಿಂಚಣಿ, ಪಹಣಿ, ಪಂಪ್‌ಸೆಟ್, ಯಾವ ಅರ್ಜಿಯಾದರೂ ಅವರ ಕಂಪ್ಯೂಟರಿನಿಂದಲೇ ಹೊರಡಬೇಕು. ಅವರ ಕನ್ನಡ ಟೈಪಿಂಗ್ ಸಾಫ್ಟ್‌ವೇರನ್ನು ಹೊಸ ಕಂಪ್ಯೂಟರಿಗೆ ಹಾಕಿಕೊಡಬೇಕಿತ್ತು. ಫೋನಿನಲ್ಲಿ ರೇಷನ್ ಕಾರ್ಡಿನ ಉದಾಹರಣೆ ಹೇಳಿ, ಎರಡೂ ಕಂಪ್ಯೂಟರ್ ತರಲು ತಿಳಿಸಿದೆ.

ಮರುದಿನ ಆಟೋದಲ್ಲಿ ಎರಡನ್ನೂ ತಂದಿಳಿಸಿದರು. ಜೊತೆಗೆ ಟ್ಯಾಗು ಕಟ್ಟಿದ ಒಂದು ಫೈಲು. ತೆರೆದು ನೋಡಿದರೆ 'ಇವರಿಗೆ, ಮಾನ್ಯ ಸಾಫ್ಟ್‌ವೇರ್ ಕಂಪನಿಯವರು. ವಿಷಯ: ಹಳೆಯದರಿಂದ ಹೆಸರು ತೆಗೆದು ಹೊಸದಕ್ಕೆ ಸೇರಿಸಿಕೊಡುವ ಕುರಿತು.' ಕೆಳಗೆ ಬಿಲ್ಲಿನ ಜೆರಾಕ್ಸು. ಅದರ ಕೆಳಗೆ ಎರಡೂ ಕಂಪ್ಯೂಟರುಗಳ ಪಾಸ್‌ಪೋರ್ಟ್ ಅಳತೆಯ ಫೋಟೊ. ಹಳೆಯದರ ಹಣೆಯ ಮೇಲೆ ಆಯುಧಪೂಜೆಯ ವಿಭೂತಿ, ಕುಂಕುಮ ಹಾಗೇ ಇತ್ತು. ಕೊನೆಯಲ್ಲೊಂದು, ಪಿಂಚಣಿಯವರು ವರ್ಷಕ್ಕೊಮ್ಮೆ ಕೊಡುವಂಥ ಜೀವಂತ ಪ್ರಮಾಣ ಪತ್ರ: 'ಸದರಿ ಕಂಪ್ಯೂಟರ್ ಈ ದಿನದವರೆಗೂ ಚಾಲ್ತಿಯಲ್ಲಿರುತ್ತದೆ.' ಅದಕ್ಕೆ ಅಕ್ಕಪಕ್ಕದ ಮನೆಯ ಇಬ್ಬರು ಸಾಕ್ಷಿಗಳ ಸಹಿ.

ನಗು ತಡೆಯಲು ನಾನು ಎರಡು ಸಲ ಕೆಮ್ಮಿದೆ. "ಅಣ್ಣಾ, ಇದ್ಯಾವುದೂ ಬ್ಯಾಡ್ರಿ. ಒಂದು ಬಟನ್ ಒತ್ತಿದ್ರ ಮುಗೀತು."

"ಅರ್ಜಿ ಇಲ್ದ ಯಾವ ಕೆಲಸ ಆಗೈತ್ರಿ ಈ ದೇಶದಾಗ?"

"ಇದು ಕಂಪ್ಯೂಟರ್ ಕೆಲಸ ಅಣ್ಣಾ. ಸರ್ಕಾರಿ ಕೆಲಸ ಅಲ್ಲ."

ಬಟನ್ ಒತ್ತಿದೆ. ಆಗಲಿಲ್ಲ. ಮತ್ತೆ ಒತ್ತಿದೆ. ಅರ್ಧ ಗಂಟೆ ಒದ್ದಾಡಿ ಕೊನೆಗೆ ಕಂಪನಿಯವರಿಗೇ ಬರೆದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಕೋರಿಕೆ ಪತ್ರ, ಬಿಲ್ಲಿನ ಪ್ರತಿ, ಎರಡೂ ಕಂಪ್ಯೂಟರುಗಳ ಫೋಟೊ, ಹಳೆಯದು ಇನ್ನೂ ನಿಮ್ಮ ಬಳಿಯೇ ನಡೆಯುತ್ತಿದೆ ಎಂಬುದಕ್ಕೆ ಆಧಾರ, ಇಷ್ಟನ್ನೂ ಕಳಿಸಬೇಕಂತೆ.

ಅಣ್ಣ ಫೈಲನ್ನು ಒಂದೇ ಬೆರಳಿನಿಂದ ಮೆಲ್ಲಗೆ ನನ್ನ ಕಡೆ ಸರಿಸಿದರು. ಆಮೇಲೆ ಕೇಳಿದರು, "ಸಾಕ್ಷಿ ಇಬ್ರು ಸಾಕಂತೇನ್ರಿ? ಇನ್ನೊಬ್ಬ ಆಟೋದಾಗ ಕುಂತಾನ."

೨. ಊಟಕ್ಕೆ ಹೋದ ಲೈಸೆನ್ಸ್

ಅವ್ವ ನಾಲ್ಕನೆಯ ಸಂಬಂಧ ಹುಡುಕಿದಳು. ಹುಡುಗಿ ಸಂಡೂರಿನವಳು. ಸಂಜೆ ನಾಲ್ಕಕ್ಕೆ ಸರಿಯಾಗಿ ಬರಬೇಕೆಂದು ತಾಕೀತು ಮಾಡಿ, ನನ್ನ ಮೇಲೆ ನಂಬಿಕೆ ಇಲ್ಲದೆ ತಾನು ಮೊದಲೇ ಬಸ್ಸು ಹತ್ತಿದಳು. ಅದೇ ದಿನ ಯಶವಂತನಗರದ ಹತ್ತಿರ ಅದಿರು ಲಾರಿ ತೂಗುವ ಕಡೆ ನನಗೆ ಕೆಲಸವಿತ್ತು. ದಾರಿಯ ಮೇಲೇ ಇದೆ, ಮಧ್ಯಾಹ್ನದೊಳಗೆ ಮುಗಿಸಿದರಾಯಿತು ಅಂದುಕೊಂಡೆ. ಇದೇ ನನ್ನ ಬುದ್ಧಿ.

ಅಲ್ಲಿನ ಸಾಫ್ಟ್‌ವೇರಿನ ಲೈಸೆನ್ಸ್ ಹೆಬ್ಬೆರಳ ಗಾತ್ರದ, ಪೆನ್‌ಡ್ರೈವಿನಂಥ ಒಂದು ಕಡ್ಡಿಯಲ್ಲಿರುತ್ತದೆ. ಕಂಪ್ಯೂಟರಿಗೆ ಅದನ್ನು ಚುಚ್ಚಿದ್ದರೆ ತೂಕ, ಕಿತ್ತರೆ ಇಲ್ಲ. ಹಳೆಯ ಕಂಪ್ಯೂಟರ್ ಬಿಚ್ಚಿ, ಹೊಸದನ್ನು ಜೋಡಿಸಿ, ಕಡ್ಡಿಗಾಗಿ ಟೇಬಲ್ಲೆಲ್ಲ ತಡಕಾಡಿದೆ. ತೂಕ ಬರೆದುಕೊಳ್ಳುವ ಗುಮಾಸ್ತರೂ ಕಾಣಲಿಲ್ಲ. ಬಾಗಿಲಲ್ಲಿದ್ದ ಕಾವಲುಗಾರನನ್ನು ಕೇಳಿದೆ.

"ಲೈಸೆನ್ಸ್ ಕಡ್ಡಿ ಎಲ್ಲೈತ್ರಿ?"

"ಊಟಕ್ಕ ಹೋಗೈತ್ರಿ."

ಆಗಿದ್ದು ಇಷ್ಟು. ವರ್ಷದ ಹಿಂದೆ ನಾನೇ ಗುಮಾಸ್ತರಿಗೆ "ಇದು ಕಳೆದ್ರ ಎಲ್ಲಾ ಹೋದಂಗ, ಜ್ವಾಪಾನ" ಎಂದಿದ್ದೆ. ಅವರು ಭಾಳ ಜವಾಬ್ದಾರಿಯ ಮನುಷ್ಯ. ನಾನು ಹಳೆಯದನ್ನು ಬಿಚ್ಚಲು ಬಂದೊಡನೆ ತಾವೇ ಅದನ್ನು ಕಿತ್ತು, ಕಳೆಯದಿರಲೆಂದು ತಮ್ಮ ಉಡದಾರಕ್ಕೆ ಗಂಟು ಹಾಕಿಕೊಂಡಿದ್ದರು. ಈಗ ಕಂಪನಿ ಬಸ್ಸಿನಲ್ಲಿ ದೋಣಿಮಲೈ ಕ್ವಾರ್ಟರ್ಸಿಗೆ ಊಟಕ್ಕೆ ಹೋಗಿದ್ದರು, ಬಸ್ಸು ತಿರುಗಿ ಬರುವುದು ಮೂರಕ್ಕೆ. ಅಷ್ಟರಲ್ಲಿ ಲಾರಿಗಳ ಸಾಲು ಕಣ್ಣಿಗೆ ಕಾಣದಷ್ಟು ದೂರ ಬೆಳೆದಿತ್ತು. ನಾನು ಬೈಕ್ ಹತ್ತಲು ಹೋದರೆ ಡ್ರೈವರುಗಳು ಸುತ್ತುಗಟ್ಟಿದರು. "ನೀ ಬಿಚ್ಚಿದ ಮ್ಯಾಲೆ ನಿಂತೈತಿ, ನೀನೇ ಹಚ್ಚಿ ಹೋಗು."

ಮೂರೂಕಾಲಿಗೆ ಗುಮಾಸ್ತರು ಎಲೆಯಡಿಕೆ ಜಗಿಯುತ್ತ ಬಂದರು. ಕಡ್ಡಿಯ ಗಂಟು ಬಿಚ್ಚಲು ನೋಡಿದೆವು. ಬಿಸಿಲಿನ ಬೆವರಿಗೆ ಅದು ಬಿಗಿದು ಕಲ್ಲಾಗಿತ್ತು.

"ಉಡದಾರನೇ ಕತ್ತರಿಸೋಣ್ರಿ" ಎಂದೆ.

"ಎಲ್ಲಾರ ಉಂಟಾ! ಉಡದಾರ ಹರೀಬಾರ್ದು. ನಮ್ಮವ್ವ ಮನಿ ಒಳಗ ಬಿಡಂಗಿಲ್ಲ."

ಕೊನೆಗೆ ಗುಮಾಸ್ತರನ್ನೇ ಕಂಪ್ಯೂಟರಿಗೆ ಜೋಡಿಸಿದೆವು. ಅಂಗಿ ಎತ್ತಿ ಹಿಡಿದು, ಹೊಟ್ಟೆಯನ್ನು ಟೇಬಲ್ಲಿಗೆ ಒತ್ತಿಕೊಂಡು ಅವರು ಅಲುಗಾಡದೆ ನಿಂತರು, ಲಾರಿಗಳು ಒಂದೊಂದಾಗಿ ತೂಗಿಸಿಕೊಂಡು ಹೋದವು. ನಡುವೆ ಅವರೊಮ್ಮೆ ಸೀನಿದರು. ಎರಡು ಲಾರಿ ಮತ್ತೆ ತೂಗಬೇಕಾಯಿತು.

ಡ್ರೈವರುಗಳು ಬೈಕಿಗೆ ದಾರಿ ಬಿಟ್ಟು ನಾನು ಸಂಡೂರು ಮುಟ್ಟಿದಾಗ ಐದೂಕಾಲು. ತಲೆಯಿಂದ ಕಾಲಿನವರೆಗೆ ಕೆಂಪು ಧೂಳು, ಕಣ್ಣೆರಡೇ ಬಿಳಿ. ಹುಡುಗಿಯೇ ಬಾಗಿಲು ತೆರೆದು, ನೋಡಿ, ಒಳಗೆ ಕೂಗಿ ಹೇಳಿದಳು, "ಅಪ್ಪಾ, ಗಣಿಯಿಂದ ಯಾರೋ ಬಂದಾರ. ನೀರು ಬೇಕಂತ ಕಾಣ್ತೈತಿ."

"ನೀರಿಗಲ್ರಿ" ಎಂದೆ. "ಹೆಣ್ಣು ನೋಡಾಕ ಬಂದೀನಿ."

ಒಳಗೆ ಕುಳಿತಿದ್ದ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಇದೂ ಹೋಯಿತು ಅಂದುಕೊಂಡೇ ಕುಳಿತೆ. ಹುಡುಗಿ ಸಂಡೂರಿನ ಸೇವಾ ಕೇಂದ್ರವೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು. ನಿಮ್ಮ ಕೆಲಸವೇನು ಎಂದು ಅವಳಪ್ಪ ಕೇಳಿದಾಗ ನಾನು ಅಭ್ಯಾಸಬಲದಿಂದ ರೇಷನ್ ಕಾರ್ಡಿನ ಉದಾಹರಣೆ ಬಿಚ್ಚಿದೆ. ಅವಳು ಚಹಾ ಕೊಡುತ್ತಿದ್ದವಳು ಅಲ್ಲೇ ನಿಂತಳು.

"ನಾ ದಿನಾ ಅದೇ ಕೆಲಸ ಮಾಡಾಕಿ. ಹೆಸರು ತೆಗೆಯೋದು ಒಂದು ನಿಮಿಷ್ರಿ. ಸೇರಿಸಾಕ ಸರ್ವರ್ ಸಿಗಬೇಕು. ಅಲ್ಲೀತನ ಆ ಹೆಣ್ಮಗಳು ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಇದನ್ನ ಗಿರಾಕಿಗೆ ಹೇಳ್ತೀರೋ ಇಲ್ಲೋ?"

ನಾನು ಯಾರಿಗೂ ಹೇಳಿರಲಿಲ್ಲ. ಅವಳು ನನಗೆ ಅಲ್ಲೇ ಹಿಡಿಸಿಬಿಟ್ಟಳು.

೩. ಲಂಡನ್ನಿನಲ್ಲಿ ಹುಟ್ಟಿದವರು

ಹುಡುಗಿಗೂ ಒಪ್ಪಿಗೆಯಾಯಿತು, ಧೂಳಿನೊಳಗೆ ಏನು ಕಂಡಳೋ ಗೊತ್ತಿಲ್ಲ. ಆದರೆ ಅವಳಪ್ಪ ಒಂದು ಷರತ್ತು ಹಾಕಿದರು. "ಕಂಪ್ಲಿ ಅಯ್ಯನೋರು ಜಾತಕ ನೋಡಿ ಹೂಂ ಅಂದ್ರ ನಮ್ದೂ ಹೂಂ."

ನನಗೆ ಒಳಗೇ ಖುಷಿ. ಅಯ್ಯನವರು ಜಾತಕ ನೋಡುವುದೇ ಕಂಪ್ಯೂಟರಿನಲ್ಲಿ, ಆ ಕಂಪ್ಯೂಟರ್ ನೋಡುವವನು ನಾನು. ಆ ವಾರವೇ ಅವರು ಹೊಸದನ್ನು ಕೊಂಡಿದ್ದರು, ಜಾತಕದ ಸಾಫ್ಟ್‌ವೇರನ್ನು ಅದಕ್ಕೆ ಹಾಕಿಕೊಡಬೇಕಿತ್ತು. "ಹತ್ತೂಕಾಲಿಂದ ಹನ್ನೊಂದು, ಗಳಿಗಿ ಭಾಳ ಚಲೋ ಐತಿ. ಅಷ್ಟರಾಗ ತೆಗೆದು ಸೇರಿಸಿಬಿಡು ತಮ್ಮಾ" ಎಂದರು. ಅದೇ ಹೊತ್ತಿಗೆ ಹುಡುಗಿಯ ಅಪ್ಪ ಎರಡೂ ಜಾತಕ ಹಿಡಿದು ಬಂದು ಚಾಪೆಯ ಮೇಲೆ ಕುಳಿತರು.

ಹತ್ತೂವರೆಗೆ ಹಳೆಯದರಿಂದ ಲೈಸೆನ್ಸ್ ತೆಗೆದೆ. ಹೊಸದಕ್ಕೆ ಸೇರಿಸಬೇಕು ಅನ್ನುವಾಗ ಕರೆಂಟ್ ಹೋಯಿತು. ಹನ್ನೊಂದಾಯಿತು, ಗಳಿಗೆ ಮುಗಿಯಿತು. ಸಾಫ್ಟ್‌ವೇರ್ ಈಗ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಹುಡುಗಿ ಹೇಳಿದ್ದು ನೆನಪಾಯಿತು.

"ಮುಂದಿನ ಒಳ್ಳೆ ಗಳಿಗಿ ಯಾವಾಗ್ರಿ?" ಎಂದು ಹುಡುಗಿಯ ಅಪ್ಪ ಕೇಳಿದರು.

"ಅದನ್ನ ಕಂಪ್ಯೂಟರ್‍ನಾಗ ನೋಡ್ಬೇಕಪ್ಪ" ಎಂದರು ಅಯ್ಯನವರು. ಮೂವರೂ ಸತ್ತ ಪರದೆಯನ್ನು ನೋಡುತ್ತ ಕುಳಿತೆವು.

ಆಮೇಲೆ ಅಯ್ಯನವರಿಗೆ ಪಂಚಾಂಗದ ನೆನಪಾಯಿತು. ಮನೆಯೆಲ್ಲ ಹುಡುಕಿದರೂ ಸಿಗಲಿಲ್ಲ. ಕೊನೆಗೆ ನೋಡಿದರೆ, ಪರದೆ ಕಣ್ಣಿನ ಮಟ್ಟಕ್ಕೆ ಬರಲೆಂದು ಅದರ ಅಡಿಗೆ ಇಟ್ಟಿದ್ದ ಕಟ್ಟಿನಲ್ಲಿ ಈ ವರ್ಷದ್ದೂ ಇತ್ತು. ಹತ್ತು ವರ್ಷಗಳ ಮೇಲೆ ಬೆರಳು ಮಡಚಿ ಇಬ್ಬರ ಗುಣ ಎಣಿಸಿದರು. ಎಣಿಕೆ ಎರಡು ಸಲ ತಪ್ಪಿ ಮೂರನೆಯ ಸಲ ಸರಿಹೋಯಿತು. "ಇಪ್ಪತ್ತೆರಡು ಗುಣ. ಹದಿನೆಂಟು ಬಂದ್ರ ಸಾಕು. ಮಾಡ್ರಿ ಲಗ್ನ."

ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಕರೆಂಟ್ ಬಂತು, ಲೈಸೆನ್ಸೂ ಸೇರಿತು. ಹುಡುಗಿಯ ಅಪ್ಪ "ಹೆಂಗೂ ಬಂದೈತಿ, ಅದರಾಗೂ ಒಂದು ಸಲ ನೋಡ್ರಿ" ಎಂದರು. ಅಯ್ಯನವರು ಇಬ್ಬರ ಹುಟ್ಟಿದ ದಿನ, ಹೊತ್ತು ಒತ್ತಿದರು. ಬಂದದ್ದು ಹದಿನಾಲ್ಕು.

ನಾನು ಗಾಬರಿಯಿಂದ ಪರದೆ ನೋಡಿದೆ. ಮೂಲೆಯಲ್ಲಿ ಹುಟ್ಟಿದ ಊರು ಲಂಡನ್ ಎಂದು ಸಾಫ್ಟ್‌ವೇರ್ ತಾನೇ ಹಾಕಿಕೊಂಡಿತ್ತು. ಹಳೆಯದರಲ್ಲಿ ನಾನೇ ಎಂದೋ ಬಳ್ಳಾರಿ ಎಂದು ಹಾಕಿಟ್ಟಿದ್ದೆ, ಹೊಸದರಲ್ಲಿ ಹಾಕಲು ಮರೆತಿದ್ದೆ. ತಿದ್ದಲು ಮೌಸಿಗೆ ಕೈ ಹಾಕಿದೆ.

"ಕೈ ತಗೀರಿ!" ಹುಡುಗಿಯ ಅಪ್ಪ ಎದ್ದೇ ನಿಂತರು. "ವರಾನೇ ಕುಂತು ಗುಣ ತಿದ್ದೋದನ್ನ ನಾ ಎಲ್ಲೂ ಕಂಡಿಲ್ಲ!"

ಅವರ ಮಾತಿನಲ್ಲಿ ನ್ಯಾಯವಿತ್ತು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಆತು ನಿಂತೆ. ಅಲ್ಲಿಂದಲೇ "ಮ್ಯಾಲೆ ಹೋಗ್ರಿ… ಎಡಕ್ಕ… ಅಲ್ಲಿ ಒತ್ತಿ" ಎಂದು ಹೇಳುತ್ತ ಹೋದೆ. ಅಯ್ಯನವರ ಬಾಣದ ಗುರುತು ಪರದೆಯ ತುಂಬ ಓಡಾಡಿ ಕಡೆಗೂ ಬಳ್ಳಾರಿ ತಲುಪಿತು. ಇಪ್ಪತ್ತೆರಡು!

ಹುಡುಗಿಯ ಅಪ್ಪನಿಗೆ ಇನ್ನೂ ಅನುಮಾನ. "ಹಂಗಾರ ಆ ಹದಿನಾಲ್ಕು ಏನ್ರಿ?"

ಅಯ್ಯನವರು ಗಂಭೀರವಾಗಿ ಹೇಳಿದರು, "ಅದೂ ಖರೇನೇ. ಇವ್ರಿಬ್ರೂ ಲಂಡನ್ನಾಗ ಹುಟ್ಟಿದ್ರ ಲಗ್ನ ಮಾಡಬಾರ್ದಿತ್ತು. ಪುಣ್ಯಕ್ಕ ಇಲ್ಲೇ ಹುಟ್ಯಾರ."

೪. ಜೋರು ಚಾಲ್ತಿ

ಮದುವೆಯಾಯಿತು. ಹೆಂಡತಿ ತನ್ನ ಕೇಂದ್ರದಲ್ಲಿ ತಾನೇ ಕುಳಿತು ತವರಿನ ಕಾರ್ಡಿನಿಂದ ತನ್ನ ಹೆಸರು ತೆಗೆದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಹೊಸಪೇಟೆಯ ನಮ್ಮ ಕಾರ್ಡಿಗೆ ಸೇರಿಸಲು ಹೋದರೆ ಸರ್ವರ್ ಇಲ್ಲ. ನಾಳೆ ಬರ್ರಿ ಎಂದರು. ನಾಳೆಗಳು ಸೇರಿ ಐದು ತಿಂಗಳಾಯಿತು.

ನಾನು ಫೋನಿನಲ್ಲಿ ಗಿರಾಕಿಗಳಿಗೆ ರೇಷನ್ ಕಾರ್ಡಿನ ಉದಾಹರಣೆ ಶುರು ಮಾಡಿದರೆ ಈಗ ಅಡುಗೆಮನೆಯಿಂದ ದನಿ ಬರುತ್ತದೆ. "ಊರ ಮಂದಿದು ಆಮ್ಯಾಲೆ ಸೇರಿಸ್ರಿ. ಮೊದಲು ನಂದು ಸೇರಿಸ್ರಿ!" ಅವ್ವನೂ ಸೊಸೆಯ ಪಕ್ಷ. ಮನೆಗೆ ಬಂದವರ ಮುಂದೆಲ್ಲ "ನನ್ನ ಸೊಸಿ ಎಲ್ಲೂ ಇಲ್ಲದಾಕಿ ನೋಡ್ರಿ, ಇವನ ಪುಣ್ಯ" ಎನ್ನುತ್ತಾಳೆ. ಬಟನ್ ಒತ್ತಿದರೆ ಮುಗೀತು ಅನ್ನುತ್ತಿದ್ದ ನನಗೆ ನಾಚಿಕೆಯಾಗಿ, ಕಡೆಗೆ ಬುಕ್ಕಸಾಗರದ ಅಣ್ಣನನ್ನು ಕರೆಸಿದೆ.

ಅವರು ಟ್ಯಾಗು ಕಟ್ಟಿದ ಫೈಲಿನೊಂದಿಗೇ ಬಂದರು. ಅರ್ಜಿ ಇತ್ತು, ಲಗ್ನಪತ್ರಿಕೆ ಇತ್ತು, ಇಬ್ಬರ ಫೋಟೊ ಇತ್ತು. ಪಡಸಾಲೆಯಲ್ಲಿ ಕುಳಿತು ಒಂದೊಂದೇ ಹಾಳೆ ತಿರುವಿ, ಕೊನೆಗೆ ತಲೆ ಎತ್ತಿದರು.

"ಎಲ್ಲಾ ಐತಿ. ಜೀವಂತ ಪ್ರಮಾಣ ಪತ್ರ ಒಂದು ಕಮ್ಮಿ ಬಿತ್ತು ನೋಡ್ರಿ."

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದಾಯಿತು. ಹಿಂದೆಯೇ ಹೆಂಡತಿಯ ದನಿ. "ಅಣ್ಣಾರೇ, ಎಲ್ಲೂ ಇಲ್ಲದಾಕಿ ಮಾಡಿದ ಚಹಾ ಈಗ ಕುಡೀತೀರೋ, ಸರ್ವರ್ ಬರೋತನ ಕಾಯ್ತೀರೋ?"

ಅಣ್ಣ ಸಾವಕಾಶವಾಗಿ ಪೆನ್ನು ತೆಗೆದು, ಹೊಸ ಹಾಳೆಯ ಮೇಲೆ 'ಸದರಿಯವರು ಈ ದಿನದವರೆಗೂ ಜೋರು ಚಾಲ್ತಿಯಲ್ಲಿರುತ್ತಾರೆ' ಎಂದು ಬರೆದು, ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಹಾಕಿಸಿಕೊಂಡರು.