ತಂಪು ಪ್ಲಗ್ಗಿನ ಮಾಮಾ

ಹುನಗುಂದ ತಾಲೂಕಿನಲ್ಲೇ ಅತಿ ವೇಗದ ಕಾರು ನನ್ನ ಸೋದರಮಾವನದು. ಈ ಮಾತನ್ನು ನಂಬದವರು ಯಾರೆಂದರೆ ಆ ಕಾರನ್ನು ಒಮ್ಮೆಯಾದರೂ ತಳ್ಳಿದವರು ಮಾತ್ರ. ಅಂದರೆ ತಾಲೂಕಿನ ಎಲ್ಲರೂ! ಆದರೆ ಮಾಮಾನ ಎದುರಿಗೆ ಕಾರು ಕೆಟ್ಟಿದೆ ಎಂದು ಬಾಯಿ ತಪ್ಪಿಯೂ ಅನ್ನುವ ಹಾಗಿರಲಿಲ್ಲ. "ಕೆಟ್ಟಿಲ್ಲಲೇ, ತಯಾರಾಗಿ ಕುಂತೈತಿ. ಗ್ಯಾಸ್ ಬರೂದಷ್ಟ ಬಾಕಿ" ಎನ್ನುತ್ತಿದ್ದ. ಯಾವ ಗ್ಯಾಸ್? ಹೇಳುತ್ತೇನೆ. ಹೇಳಲೇಬೇಕು, ಯಾಕೆಂದರೆ ಈ ಎಲ್ಲ ಅನಾಹುತಕ್ಕೆ ಮೂಲ ಕಾರಣ ನಾನೇ.

ಮಾಮಾ ಹುನಗುಂದದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಕೈಗುಣ ಚೆನ್ನಾಗಿತ್ತು, ಸುತ್ತಲಿನ ಹಳ್ಳಿಯವರೆಲ್ಲ ಅವನಲ್ಲಿಗೇ ಬರುತ್ತಿದ್ದರು. ಆದರೆ ತನಗೆ ಅನ್ನ ಹಾಕುವ ಆ ಡೀಸೆಲ್ ಇಂಜಿನ್ನುಗಳ ಬಗ್ಗೆ ಅವನಿಗೆ ಎಳ್ಳಷ್ಟೂ ಗೌರವವಿರಲಿಲ್ಲ. "ಪ್ಲಗ್ಗ ಇಲ್ಲದ ಇಂಜಿನ್ನೂ ಒಂದು ಇಂಜಿನ್ನೇನ್ಲೇ?" ಎಂದು ಮೂಗು ಮುರಿಯುತ್ತಿದ್ದ. ಅವನ ಜೀವವೆಲ್ಲ ಮನೆಯ ಮುಂದೆ ನಿಂತಿದ್ದ, ನಾಲ್ಕು ಕೈ ದಾಟಿ ಬಂದ ಆ ಬೂದುಬಣ್ಣದ ಪೆಟ್ರೋಲ್ ಕಾರಿನ ಮೇಲೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಐಹೊಳೆಯ ಗುಡಿಗಳನ್ನು ನೋಡಲು ಬಂದಿದ್ದ ಇಬ್ಬರು ಬಿಳಿಯರ ವ್ಯಾನು ದಾರಿಯಲ್ಲಿ ನಿಂತುಹೋಯಿತು. ಮಾಮಾ ಅದರ ಪ್ಲಗ್ ಬಿಚ್ಚಿ, ಉಜ್ಜಿ, ಹಾಕಿ ಓಡಿಸಿಕೊಟ್ಟ. ಖುಷಿಯಾದ ಅವರು ಕೊಟ್ಟುಹೋದದ್ದು ಕಾರಿನ ಓಟಗಳ ಒಂದು ಇಂಗ್ಲಿಷ್ ಮಾಸಪತ್ರಿಕೆ. ನಾನಾಗ ಹುನಗುಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. "ಓದಿ ಹೇಳ್ಲೇ" ಎಂದ. ಓದಿ ಹೇಳಿದೆ. ನನ್ನ ನಾಲಿಗೆಗೆ ಏನು ಬಂದಿತ್ತೋ! ಆಪರೇಶನ್ ಮಾಡುವಾಗ ದವಾಖಾನೆಯಲ್ಲಿ ಮೂಗಿಗೆ ಹಿಡಿಯುವ ನೈಟ್ರಸ್ ಗ್ಯಾಸನ್ನು ಆ ಕಡೆ ಓಟದ ಕಾರಿನ ಇಂಜಿನ್ನಿಗೂ ಬಿಡುತ್ತಾರಂತೆ. ಬಿಟ್ಟರೆ ಕಾರು ಗುಂಡಿನ ಹಾಗೆ ಹಾರುತ್ತದಂತೆ. ಆದರೆ ಒಳಗಿನ ಕಾವು ವಿಪರೀತ ಏರುವುದರಿಂದ ಮೊದಲು 'ತಂಪು' ಜಾತಿಯ ಸ್ಪಾರ್ಕ್ ಪ್ಲಗ್ ಹಾಕಬೇಕಂತೆ, ಇಲ್ಲದಿದ್ದರೆ ಪಿಸ್ಟನ್ನಿಗೆ ತೂತು ಬೀಳುತ್ತದಂತೆ. ಮಾಮಾ ಪುರಾಣ ಕೇಳುವವರ ಹಾಗೆ ಕಣ್ಣು ಮುಚ್ಚಿ ಕೇಳಿದ. ಕಣ್ಣು ತೆರೆದವನೇ "ಮೊದ್ಲ ಪ್ಲಗ್ಗು, ಆಮ್ಯಾಲ ಗ್ಯಾಸು" ಎಂದ. ಮುಗಿಯಿತು ನಮ್ಮ ಕಥೆ!

ಮುಂಬೈಗೆ ಹೋಗುವ ಲಾರಿ ಡ್ರೈವರುಗಳಿಗೆ ಗಂಟುಬಿದ್ದು ಬಗೆಬಗೆಯ ಪ್ಲಗ್ಗು ತರಿಸಿದ. ಕಟ್ಟೆಯ ಮೇಲೆ ದೋತರ ಹಾಸಿ, ಅವುಗಳನ್ನು ಸಾಲಾಗಿ ನಿಲ್ಲಿಸಿ, ಹೆಣ್ಣು ನೋಡಲು ಬಂದ ಬೀಗರ ಹಾಗೆ ಒಂದೊಂದನ್ನೂ ಪರೀಕ್ಷಿಸಿದ. "ಇದರ ಮೂಗು ಉದ್ದ, ಕಾವು ಹಿಡಕೊಂಡ ಕುಂದರತೈತಿ. ಇದು ಮೋಟ ಮೂಗಿಂದು, ಕಾವು ಲಗೂನ ಮೈಗೆ ಇಳಿಸತೈತಿ. ಇದ ನೋಡ ತಂಪ ಪ್ಲಗ್ಗು!" ಅತ್ತೆ ಇದನ್ನು ಒಳಗಿನಿಂದ ಕೇಳಿಸಿಕೊಂಡು, ಪಾಪ, ಆ ನಾಲ್ಕು ತಂಪು ಪ್ಲಗ್ಗುಗಳನ್ನು ಕುಡಿಯುವ ನೀರಿನ ಹರವಿಯ ಕೆಳಗೆ ಹಸಿ ಉಸುಕಿನಲ್ಲಿ ಹುಗಿದಿಟ್ಟಳು. ಮಾಮಾ ಮರುದಿನ ಮನೆಯೆಲ್ಲ ಹುಡುಕಿ ಹೈರಾಣಾದ.

"ತಂಪ ಇರಬೇಕು ಅಂದ್ರೆಲ್ಲ ಮತ್ತ? ಈ ಬ್ಯಾಸಗ್ಯಾಗ ಇದಕ್ಕಿಂತಾ ತಂಪಂದು ಜಾಗಾ ಊರಾಗ ಎಲ್ಲಿ ಐತಿ, ತೋರಸ್ರಿ" ಎಂದಳು ಅತ್ತೆ. ಏಪ್ರಿಲ್ ತಿಂಗಳು. ಮಾಮಾ ಉಸುಕು ಕೆದರಿ ಪ್ಲಗ್ಗುಗಳನ್ನು ಹೊರತೆಗೆದ.

ಗ್ಯಾಸಿನ ಕಾರಿಗೆ ಪ್ಲಗ್ಗಿನ ತುದಿಯ ಸಂದು ಕಿರಿದಾಗಿರಬೇಕೆಂದೂ ಪತ್ರಿಕೆ ಹೇಳಿತ್ತು. ಅಳೆಯುವುದು ಯಾವುದರಿಂದ? ಲಗ್ನಪತ್ರಿಕೆಯಿಂದ! ಮನೆಗೆ ಯಾರದೇ ಲಗ್ನಪತ್ರಿಕೆ ಬಂದರೂ ವಧು ಯಾರು, ವರ ಯಾರು ಎಂದು ನೋಡದೆ ಮೊದಲು ಅದರ ಮೂಲೆಯನ್ನು ಪ್ಲಗ್ಗಿನ ಸಂದಿಗೆ ತೂರಿಸುತ್ತಿದ್ದ. ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿಯ ಮಗಳ ಮದುವೆಯ ಪತ್ರಿಕೆ ಸರಿಯಾಗಿ ಕೂತುಬಿಟ್ಟಿತು. ಮದುವೆಗೆ ಹೋದವನು ಅಕ್ಷತೆ ಹಾಕಿ, ಹೆಣ್ಣಿನ ತಂದೆಯ ಕೈ ಹಿಡಿದು, "ಭಾಳ ಛಲೋ ಪತ್ರಿಕಿ ಮಾಡಿಸೀರಿ. ಸಣ್ಣ ಮಗಳ ಲಗ್ನಕ್ಕೂ ಇದ ಕಾಗದ ಇರ್ಲಿ, ದಪ್ಪಂದು ಮಾಡಸಬ್ಯಾಡ್ರಿ" ಎಂದು ಬಂದ. ಆ ಮನುಷ್ಯ ಇವತ್ತಿಗೂ ಅದನ್ನು ಬೈಗುಳವೆಂದೇ ತಿಳಿದಿದ್ದಾನೆ.

ಈಗ ನಮ್ಮ ಕಷ್ಟಕ್ಕೆ ಬರುತ್ತೇನೆ. ತಂಪು ಪ್ಲಗ್ಗು ಗ್ಯಾಸಿನ ಕಾವಿದ್ದರಷ್ಟೇ ಹದವಾಗಿರುತ್ತದೆ. ಗ್ಯಾಸಿಲ್ಲದ, ನಿಧಾನ ಓಡುವ ಕಾರಿನಲ್ಲಿ ಅದಕ್ಕೆ ಮಸಿ ಮೆತ್ತಿಕೊಂಡು ಕಿಡಿಯೇ ಹಾರುವುದಿಲ್ಲ. ಗ್ಯಾಸು ಎಲ್ಲಿತ್ತು? ಬಂದಿರಲೇ ಇಲ್ಲವಲ್ಲ! ಹೀಗಾಗಿ ಬಾಗಲಕೋಟೆಗೆ ಹೊರಟರೆ ಕಾರು ಕಮತಗಿಯಲ್ಲಿ ಖಂಡಿತ ನಿಲ್ಲುತ್ತಿತ್ತು. ಅಲ್ಲಿಯ ಚಹಾದಂಗಡಿಯ ಹುಸೇನಸಾಬ ನಮ್ಮನ್ನು ದೂರದಿಂದ ಕಂಡವನೇ ಪ್ಲಗ್ಗಿನ ಮಸಿ ಸುಡಲು ಒಲೆಯ ಮೇಲೆ ಹಂಚು ಇಡುತ್ತಿದ್ದ. "ಚಹಾ ಎಷ್ಟ್ರಿ, ಪ್ಲಗ್ಗ ಎಷ್ಟ್ರಿ?" ಪ್ಲಗ್ಗು ಯಾವಾಗಲೂ ನಾಲ್ಕೇ.

"ಮಾಮಾ, ಕೈ ಮುಗೀತೇನಿ, ಹಳೇ ಪ್ಲಗ್ಗ ಹಾಕು" ಎಂದು ಎಷ್ಟು ಸಲ ಗೋಗರೆದೆನೋ.

"ನಾಳೆ ಗ್ಯಾಸ್ ಬಂದ್ರ ಏನ ಮಾಡ್ತೀ?" ಇದು ಅವನ ಉತ್ತರ. ಎಂಟು ವರ್ಷ ಇದೇ ಉತ್ತರ!

ಒಮ್ಮೆ ನನ್ನ ಗೆಳೆಯನೊಬ್ಬ ಬುದ್ಧಿಗೆಟ್ಟು ತನ್ನ ಮದುವೆಯ ಮೆರವಣಿಗೆಗೆ ಆ ಕಾರನ್ನು ಕೇಳಿದ. ಮೆರವಣಿಗೆಯೆಂದ ಮೇಲೆ ಕಾರು ಆಮೆಯ ಹಾಗೆ ಹೋಗಬೇಕಲ್ಲ? ಎರಡು ಓಣಿ ದಾಟುವುದರೊಳಗೆ ಇಂಜಿನ್ನು ಕೆಮ್ಮತೊಡಗಿತು. ಮಾಮಾ ಕಿಟಕಿಯಿಂದ ತಲೆ ಹೊರಹಾಕಿ ಬ್ಯಾಂಡಿನವರಿಗೆ ಕೂಗಿದ: "ಓಡ್ರಲೇ! ಪ್ಲಗ್ಗ ಕಪ್ಪಾಗಾಕ ಹತ್ಯಾವ, ಓಡ್ರಿ!" ಅವರು ಓಡಿದರು. ಊದುತ್ತಲೇ ಓಡಿದರು. ಹಿಂದೆ ಆರತಿ ತಟ್ಟೆ ಹಿಡಿದ ಹೆಂಗಸರೂ ಓಡಿದರು. ಮುಹೂರ್ತಕ್ಕೆ ಒಂದು ತಾಸು ಮೊದಲೇ ಮದುಮಗ ಮಂಟಪದಲ್ಲಿದ್ದ. ಹೆಣ್ಣಿನವರ ಕಡೆ ಇನ್ನೂ ಯಾರೂ ಸ್ನಾನ ಮಾಡಿರಲಿಲ್ಲ.

ಗ್ಯಾಸಿನ ಬೇಟೆಯೂ ನಡೆದೇ ಇತ್ತು. ಬಾಗಲಕೋಟೆಯಲ್ಲಿ ಆಪರೇಶನ್ ಮಾಡುವ ಒಬ್ಬ ಡಾಕ್ಟರರಿದ್ದರು. ಮಾಮಾ ತಿಂಗಳಿಗೊಮ್ಮೆ ರೋಗಿಗಳ ಸಾಲಿನಲ್ಲಿ ಕೂತು, ಸರದಿ ಬಂದಾಗ ಒಳಗೆ ಹೋಗುತ್ತಿದ್ದ. ಮೊದಲ ಸಲ ಡಾಕ್ಟರು, "ಏನ ತ್ರಾಸು?" ಎಂದರು.

"ನನಗೇನಿಲ್ರಿ. ಗಾಡಿಗೆ ಒಂದು ಸಿಲಿಂಡರ್ ಗ್ಯಾಸ್ ಬೇಕಾಗಿತ್ತು."

"ಗಾಡಿಗೆ ಏನ ಆಪರೇಶನ್ ಮಾಡ್ತೀರಿ?"

ಆಮೇಲೆ ಆಮೇಲೆ ಡಾಕ್ಟರು ಕೇಳುವುದನ್ನೂ ಬಿಟ್ಟರು. ಮಾಮಾನ ಮುಖ ಕಂಡೊಡನೆ "ಇಲ್ರೀ" ಎನ್ನುತ್ತಿದ್ದರು. ಮಾಮಾ "ಆತ್ರಿ, ಮುಂದಿನ ತಿಂಗಳ ಬರ್ತೇನಿ" ಎನ್ನುತ್ತಿದ್ದ.

ಹೀಗಿರುವಾಗ ಅತ್ತೆಗೆ ಹೊಟ್ಟೆನೋವು ಶುರುವಾಯಿತು. ಅದೇ ಡಾಕ್ಟರು ನೋಡಿ, ಪಿತ್ತಕೋಶದಲ್ಲಿ ಕಲ್ಲಾಗಿದೆ, ತಡ ಮಾಡಿದರೆ ಜೀವಕ್ಕೇ ಅಪಾಯ, ಆಪರೇಶನ್ ಆಗಲೇಬೇಕು ಎಂದರು. ಅತ್ತೆ ಒಲ್ಲೆನೆಂದು ಕೂತಳು. ಕತ್ತರಿಸುವುದಕ್ಕೆ ಅವಳು ಹೆದರಲಿಲ್ಲ. ಹೆದರಿದ್ದು ಗ್ಯಾಸಿಗೆ!

"ಒಂದೀಟ ಹೆಚ್ಚಾದ್ರ ಪಿಸ್ಟನ್ನಿಗೆ ತೂತ ಬೀಳತೈತಿ ಅಂತ ಇವರ ಹೇಳ್ಯಾರ. ಕಬ್ಬಣಕ್ಕ ಹಂಗಾದ್ರ ನನ್ನ ಎದಿ ಗತಿ ಏನ?"

ನೋಡಿ, ಎಂಟು ವರ್ಷ ಮನೆಯಲ್ಲಿ ಗ್ಯಾಸಿನ ಪ್ರತಾಪ ಕೊಚ್ಚಿಕೊಂಡದ್ದರ ಫಲ! ನಾವೆಲ್ಲ ಹೇಳಿದೆವು, ಡಾಕ್ಟರು ಹೇಳಿದರು, ಕೇಳಲಿಲ್ಲ. ದಿನದಿನಕ್ಕೆ ಅವಳ ಮುಖ ಸಣ್ಣಗಾಗುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿ, "ಇದೆಲ್ಲಾ ನಿನ್ನ ಹುಚ್ಚಿನಿಂದ ಆತು ಮಾಮಾ" ಎಂದೆ. ಮಾಮಾ ಎದ್ದ. ಅಡುಗೆಮನೆಗೆ ಹೋಗಿ, ಗೋಡೆಗೆ ಒರಗಿ ಕೂತಿದ್ದ ಅತ್ತೆಯ ಎದುರು ನೆಲದ ಮೇಲೆ ಕೂತ.

"ನಾ ಸುಳ್ಳ ಹೇಳೇನಿ. ಆ ಗ್ಯಾಸಿನ್ಯಾಗ ಏನೂ ಇಲ್ಲ. ಬರೇ ಗಾಳಿ."

"ಎಂಟು ವರ್ಷ ಸುಳ್ಳ ಹೇಳಿದ್ರಿ?"

"ಹೂಂ. ಎಂಟು ವರ್ಷ."

ಅತ್ತೆ ಗೋಡೆ ಬಿಟ್ಟು ನೆಟ್ಟಗೆ ಕೂತಳು. "ಹಂಗಾರ ಮೊದ್ಲ ನೀವ ತಗೊಂಡ ತೋರಸ್ರಿ" ಎಂದಳು.

ಮರುದಿನ ಬೆಳಗ್ಗೆ ಹೊರಟೆವು. ಕಾರು ಕಮತಗಿಯಲ್ಲಿ ನಿಲ್ಲಲಿಲ್ಲ. ಹಂಚು ಹಿಡಿದು ನಿಂತಿದ್ದ ಹುಸೇನಸಾಬ ಬಾಯಿ ತೆರೆದುಕೊಂಡು ನಮ್ಮನ್ನು ನೋಡಿದ. ನಾನು ಮಾಮಾನ ಕಡೆ ತಿರುಗಿದೆ. "ಹಳೇವು ಹಾಕೇನಿ. ಸುಮ್ಮನ ಕುಂದರು" ಎಂದ, ರಸ್ತೆಯಿಂದ ಕಣ್ಣು ತೆಗೆಯದೆ.

ಡಾಕ್ಟರು ಮೊದಲು ಬೈದರು, ಆಮೇಲೆ ನಕ್ಕರು, ಕೊನೆಗೆ ಒಪ್ಪಿದರು. ಮಾಮಾ ಟೇಬಲ್ಲಿನ ಮೇಲೆ ಅಂಗಾತ ಮಲಗಿದ. ಅತ್ತೆ ಅವನ ಕಾಲಿನ ಹೆಬ್ಬೆರಳು ಹಿಡಿದು ನಿಂತಳು. ನಾಲ್ಕಾರು ಉಸಿರು ಎಳೆದದ್ದೇ, ಮಾಮಾನ ಮುಖದಲ್ಲಿ ಹಲ್ಲುಗಳೆಲ್ಲ ಕಾಣಿಸಿಕೊಂಡವು. ಸ್ವಲ್ಪ ಹೊತ್ತಿಗೆ ಎದ್ದು ಕೂತು, ಎದೆ ತಟ್ಟಿಕೊಂಡು, "ನೋಡು, ಎಲ್ಲೂ ತೂತ ಬಿದ್ದಿಲ್ಲ" ಎಂದ. ಅತ್ತೆ ಆಪರೇಶನ್ನಿಗೆ ಒಳಗೆ ನಡೆದಳು.

ಎರಡು ತಾಸು. ಮಾಮಾ ಹೊರಗೆ ಬೆಂಚಿನ ಮೇಲೆ ಕೂತು ತನ್ನ ಉಸಿರನ್ನು ತಾನೇ ಎಣಿಸುತ್ತಿದ್ದ. ಬಾಗಿಲು ತೆರೆದ ಡಾಕ್ಟರು, "ಎಚ್ಚರಾಗ್ಯಾರ. ನೀರ ಕೇಳಾಕ ಹತ್ಯಾರ" ಎಂದರು. ಮಾಮಾ ಎದ್ದು ಬಾಗಿಲಿಗೆ ಬಂದ. ಡಾಕ್ಟರಿಗೆ ಏನನ್ನಿಸಿತೋ, ಒಳಗಿನ ಸಿಲಿಂಡರಿನ ಕಡೆ ಕೈ ತೋರಿಸಿದರು. "ಇದರಾಗ ಇನ್ನೊಂದೀಟ ಉಳದೈತಿ. ಎಂಟು ವರ್ಷ ಬೆನ್ನ ಹತ್ತೀರಿ. ಒಯ್ರಿ, ನಿಮ್ಮ ಗಾಡಿಗೆ ಹಾಕ್ಕೋರಿ."

ಎಂಟು ವರ್ಷ ಕಾರು ತಳ್ಳಿದವನು ನಾನು, ನನಗೇ ಅದು ಹಾರುವುದನ್ನು ನೋಡುವ ಆಸೆ! "ತಗೋ ಮಾಮಾ, ತಗೋ" ಎಂದೆ. ಮಾಮಾ ಹತ್ತಿರ ಹೋಗಿ ಸಿಲಿಂಡರಿನ ಮೇಲೆ ಕೈ ಇಟ್ಟ. ಆಮೇಲೆ ಕೈ ತೆಗೆದ.

"ಬ್ಯಾಡ್ರಿ ಸಾಹೇಬ್ರ. ಅಕಿ ಉಸಿರಾಡಿ ಉಳದ ಗ್ಯಾಸ್ ಅದು. ಗಾಡ್ಯಾಗ ಹಾಕಿ ಸುಡಲೇನ್ರಿ?"

ಇಷ್ಟು ಹೇಳಿ ಅತ್ತೆಗೆ ಚಮಚದಲ್ಲಿ ನೀರು ಕುಡಿಸಲು ಹೋದ. ನಾನು ಹೊರಗೆ ಬಂದು, ಕಾರಿನ ಮರೆಗೆ ನಿಂತು ಅತ್ತುಬಿಟ್ಟೆ.