ಹೆಣ ಕಾಯುವ ಕೆಲಸ

ಬಾಯಲ್ಲಿ ಬ್ರಷ್ ಇಟ್ಟುಕೊಂಡು ಫೋನು ನೋಡುವ ಚಟ ಇಲ್ಲದಿದ್ದರೆ ಅವತ್ತು ಮೇಣದಣ್ಣನಿಗೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಚಟ ಇತ್ತು. ನೋಡಿದ. ಅವನು ಎಷ್ಟೋ ವರ್ಷದಿಂದ ಆಡಿಕೊಂಡು ಬಂದಿದ್ದ ಆನ್‌ಲೈನ್ ಆಟದೊಳಗಿಂದ ಒಂದು ಸಂದೇಶ ಬಂದಿತ್ತು. ಬರೆದವಳು ಅಕ್ಕ.

"ತಮ್ಮಾ, ಇನ್ನೂ ಆಡ್ತಿದ್ದೀಯಾ? ತುಂಬಾ ದಿನ ಆಯ್ತಲ್ಲ, ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ. ಕಣಿವೆ ಹತ್ರ ಸೇತುವೆ ಇತ್ತಲ್ಲ, ಅಭ್ಯಾಸದ ಮೇಲೆ ಕಾಲಿಟ್ಟೆ. ಸೇತುವೇನೇ ಇಲ್ಲ. ಬಿದ್ದು ಸತ್ತೆ. ಸಾಮಾನೆಲ್ಲ ಹೆಣದ ಮೇಲಿದೆ. ನಾನು ಕೆಲಸ ಮಾಡೋ ಕಡೆ ಫೋನ್ ಒಳಗೆ ಬಿಡಲ್ಲ, ಮತ್ತೆ ಬರೋಕೆ ಸಂಜೆ ನಾಲ್ಕು ಗಂಟೆ ಆಗುತ್ತೆ. ಅಲ್ಲೀವರೆಗೂ ಕಾಯ್ತೀಯಾ?"

ಮೇಣದಣ್ಣ ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟ.

ಈ ಅಕ್ಕ ಅವನ ಒಡಹುಟ್ಟಿದವಳಲ್ಲ. ಅವಳ ಊರು ಯಾವುದು, ಹೆಸರೇನು, ಮುಖ ಹೇಗಿದೆ, ಒಂದೂ ಅವನಿಗೆ ಗೊತ್ತಿಲ್ಲ. ಆಟದೊಳಗೆ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ಅವಳು ಇವನನ್ನು ತಮ್ಮ ಎನ್ನುತ್ತಿದ್ದಳು, ಅಷ್ಟೇ. ಆಗ ಆ ಆಟದಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ನಡೆದೇ ಹೋಗಬೇಕಿತ್ತು. ದೋಣಿಗೆ ಕಾಯಬೇಕಿತ್ತು. ಕಾಯುವಾಗ ಜನ ಏನು ಮಾಡುತ್ತಾರೆ? ಮಾತಾಡುತ್ತಾರೆ. ಮೇಣದಣ್ಣನ ಮದುವೆಯ ವಿಷಯ, ಅವನ ಅಮ್ಮನ ಮಂಡಿನೋವಿನ ವಿಷಯ, ಎಲ್ಲವೂ ಆ ದೋಣಿಕಟ್ಟೆಯಲ್ಲೇ ಚರ್ಚೆಯಾಗಿ ತೀರ್ಮಾನವಾದವು. ಇನ್ನು ಯಾರಾದರೂ ಸತ್ತರೆ ಅವರ ಹೆಣ ಸಾಮಾನಿನ ಸಮೇತ ಬಿದ್ದಲ್ಲೇ ಬಿದ್ದಿರುತ್ತಿತ್ತು. ಸತ್ತವರು ದೂರದ ಬಾವಿಯೊಂದರಿಂದ ಹರಕು ಬಟ್ಟೆಯಲ್ಲಿ ಎದ್ದು ಬಂದು, ಓಡಿಕೊಂಡು ಬಂದು ತಮ್ಮ ಹೆಣದಿಂದ ತಮ್ಮ ಸಾಮಾನು ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಕಳ್ಳರು ಕೈಹಾಕದ ಹಾಗೆ ಗೆಳೆಯರು ಹೆಣ ಕಾಯಬೇಕು. ಇದನ್ನು ಯಾವ ನಿಯಮವೂ ಹೇಳಿರಲಿಲ್ಲ. ಜನರೇ ಮಾಡಿಕೊಂಡ ಮರ್ಯಾದೆ. ಮೇಣದಣ್ಣನ ಮನೆಯಲ್ಲಿ ಒಮ್ಮೆ ಇಡೀ ದಿನ ಕರೆಂಟು ಹೋದಾಗ ಅಕ್ಕ ಒಬ್ಬಳೇ ಅವನ ಹೆಣದ ಪಕ್ಕ ನಿಂತಿದ್ದಳು. ಕರೆಂಟು ಬಂದು ಅವನು ಓಡಿ ಬಂದಾಗ, "ಊಟ ಆಯ್ತಾ ತಮ್ಮಾ?" ಎಂದಷ್ಟೇ ಕೇಳಿದ್ದಳು.

ಆಮೇಲೆ ಆಟ ಬೆಳೆಯಿತು, ಅಂದರೆ ಕೆಟ್ಟಿತು. ಕುದುರೆ ಬಂತು. ಕುದುರೆ ನಿಧಾನ ಎಂದು ಯಾರೋ ದೂರಿದ್ದಕ್ಕೆ ರೆಕ್ಕೆ ಬಂತು. ರೆಕ್ಕೆಯೂ ನಿಧಾನ ಎಂದಾಗ, ಒತ್ತಿದರೆ ಬೇಕಾದ ಊರಲ್ಲಿ ನಿಲ್ಲಿಸುವ ಗುಂಡಿ ಬಂತು. ದೋಣಿ ನಿಂತಿತು, ದೋಣಿಕಟ್ಟೆ ಟೋಪಿ ಮಾರುವ ಅಂಗಡಿಯಾಯಿತು. ತಲೆಯ ಮೇಲೆ ತೇಲುತ್ತಿದ್ದ ಹೆಸರುಗಳನ್ನು ತೆಗೆದು ಪದಕ ನೇತುಹಾಕಿದರು. ಕಡೆಗೆ ಯುದ್ಧವನ್ನೂ ಆಟವೇ ಆಡಿಕೊಳ್ಳತೊಡಗಿತು, ಆಡುವವರು ಸುಮ್ಮನೆ ನೋಡಿದರೆ ಸಾಕು. ಒಬ್ಬೊಬ್ಬರೇ ಹೋದರು. ಅಕ್ಕನೂ ಹೋದಳು. ಮೇಣದಣ್ಣ ಮಾತ್ರ ದಿನಾ ಹೋಗಿ ಕೆರೆಯಲ್ಲಿ ಗಾಳ ಹಾಕಿ ಕೂತು ಬರುತ್ತಿದ್ದ. ಹೊಸ ನಿಯಮಗಳ ಪಟ್ಟಿ ಬಂದಾಗಲೆಲ್ಲ 'ಓದಿದ್ದೇನೆ, ಒಪ್ಪಿದ್ದೇನೆ' ಎಂದು ಒತ್ತುತ್ತಿದ್ದ. ಓದುತ್ತಿರಲಿಲ್ಲ, ಒಪ್ಪಿಯೂ ಇರಲಿಲ್ಲ. ನನ್ನನ್ನು ಕೇಳಿದರೆ, ಅವನು ಹಿಡಿಯಲು ಹೋಗುತ್ತಿದ್ದುದು ಮೀನಂತೂ ಅಲ್ಲ.

ಇವತ್ತೂ ಒಂದು ಪ್ರಕಟಣೆ ಇತ್ತು. ಇದು ದೊಡ್ಡ ಅಕ್ಷರದಲ್ಲಿ ಇದ್ದುದರಿಂದ ಓದಿದ. ಸಂಜೆ ಐದು ಗಂಟೆಯಿಂದ ಆಟದಲ್ಲಿ ಹೆಣಗಳೇ ಇರುವುದಿಲ್ಲ, ಬಿದ್ದಿರುವವೂ ಮಾಯವಾಗುತ್ತವೆ. ಅಲ್ಲಿಯವರೆಗೂ ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಮಾತ್ರ ಹೆಣ ಉಳಿಯುತ್ತದೆ. ಅಕ್ಕ ನಾಲ್ಕಕ್ಕೆ ಬರುತ್ತಾಳೆ, ಹೆಣ ಐದಕ್ಕೆ ಹೋಗುತ್ತದೆ. ಸಾಮಾನು ಸಿಕ್ಕರೆ ಅಕ್ಕ ಉಳಿದಾಳು, ಅಕ್ಕ ಉಳಿದರೆ ಆಟ ಮತ್ತೆ ಆಟವಾದೀತು ಎಂದು ಮೇಣದಣ್ಣನಿಗೆ ಆಸೆಯಾಯಿತು. ಕಣಿವೆಗೆ ಇಳಿದು ಹೆಣದ ಪಕ್ಕ ನಿಂತು, ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೆಲಸಕ್ಕೆ ಓಡಿದ.

ಅವನ ಕೆಲಸ ಕಟ್ಟುಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ಕಳಿಸುವ ದವಡೆಯ ಅಚ್ಚಿನ ಮೇಲೆ ಮೇಣ ಕೂರಿಸಿ, ಒಂದೊಂದೇ ಹಲ್ಲು ಜೋಡಿಸುತ್ತಾನೆ. ಅದಕ್ಕೇ ಮೇಣದಣ್ಣ. ಪಕ್ಕದ ಮೇಜಿನಲ್ಲಿ ಮೋಟರಿನ ಚಕ್ರಕ್ಕೆ ಹಿಡಿದು ಸೆಟ್ಟುಗಳನ್ನು ಮಿಂಚಿಸುವವರು ಪಾಲಿಶ್ ಮಾವ. ಮೂಲೆಯಲ್ಲಿ ಬಿಲ್ ಮೇಡಂ. ಗಾಜಿನ ಕೋಣೆಯಲ್ಲಿ ಯಜಮಾನರು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುವ ಲೋಕದಲ್ಲಿ ಅರ್ಧ ಭಾಗವನ್ನಾದರೂ ಸರಿಮಾಡುವವರು ತಾವು ಎಂದು ಯಜಮಾನರಿಗೆ ಬಹಳ ಹೆಮ್ಮೆ.

ಮೇಣದಣ್ಣ ಫೋನನ್ನು ಪ್ಲಾಸ್ಟರ್ ಡಬ್ಬಿಗೆ ಒರಗಿಸಿದ. ಸುಮ್ಮನೆ ನಿಂತರೆ ಆಟ ಹೊರಗೆ ತಳ್ಳುತ್ತದೆ, ಹಾಗಾಗಿ ಆಗಾಗ ಬೆರಳಲ್ಲಿ ತಟ್ಟುತ್ತಿರಬೇಕು. ಒಂದು ಹಲ್ಲು ಕೂರಿಸುವುದು, ಒಮ್ಮೆ ತಟ್ಟುವುದು. ಮೇಣ ಪರದೆಗೆ ಮೆತ್ತಿತು, ಹಲ್ಲು ಅಂಗಿಗೆ ಅಂಟಿತು.

"ಏನದು ಬೆಳಿಗ್ಗೆಯಿಂದ ಟಕ್ ಟಕ್ ಅಂತ?" ಬಿಲ್ ಮೇಡಂ ಎದ್ದು ಬಂದರು. ಅವರಿಗೆ ಬಿಲ್ ಬರೆಯುವುದೊಂದು ಬಿಟ್ಟು ಬೇರೆಲ್ಲ ಕೆಲಸದಲ್ಲೂ ಆಸಕ್ತಿ.

"ಹೆಣ ಕಾಯ್ತಿದ್ದೀನಿ ಮೇಡಂ. ಆಟದಲ್ಲಿ."

"ಯಾರದು?"

"ನಮ್ಮಕ್ಕಂದು. ನಾಲ್ಕು ಗಂಟೆಗೆ ಬಂದು ತಗೊಂಡು ಹೋಗ್ತಾರೆ."

ಯಾರಿಗಾದರೂ ಇದನ್ನು ಕೇಳಿ ನಗು ಬರಬೇಕು. ಬಿಲ್ ಮೇಡಂಗೆ ಕಣ್ಣಲ್ಲಿ ನೀರು ಬಂತು. "ಈ ಕಾಲದಲ್ಲಿ ಯಾರು ಯಾರಿಗೆ ನಿಲ್ತಾರೆ ಹೇಳಿ. ನಮ್ಮ ಅತ್ತೆಗೆ ಜ್ವರ ಬಂದಾಗ ನಮ್ಮ ಮೈದುನ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದ. ನೀವು ಕಾಯಿರಿ. ನಾನಿದ್ದೀನಿ."

ಪಾಲಿಶ್ ಮಾವನೂ ಮೋಟರ್ ನಿಲ್ಲಿಸಿ ಬಂದರು. "ಕಾವಲು ಅಂದ್ರೆ ಕಾವಲೇ ಕಣಯ್ಯಾ. ಫೋನಲ್ಲಾದ್ರೇನು, ಬ್ಯಾಂಕಲ್ಲಾದ್ರೇನು. ಬೇಲಿ ಭದ್ರ ಇರ್ಬೇಕು," ಎಂದು ಕನ್ನಡಕವಿಲ್ಲದ ಕಣ್ಣನ್ನು ಪರದೆಗೆ ತಾಗಿಸಿದರು. "ಇವರಿಬ್ರು ಯಾರು?"

ಕಪ್ಪು ಮುಖವಾಡದ ಇಬ್ಬರು ಕಣಿವೆಗೆ ಇಳಿದು ಬರುತ್ತಿದ್ದರು. ಮೇಣದಣ್ಣ ಕತ್ತಿಗೆ ಕೈ ಹಾಕಿದ. ಬಂದವರು ಮಾತಾಡಲಿಲ್ಲ. ಅವನ ಮುಂದೆ ನಿಂತು ನಡುಬಗ್ಗಿಸಿ ನಮಸ್ಕಾರ ಮಾಡಿದರು. ಸ್ವಲ್ಪ ಹೊತ್ತು ಭಕ್ತಿಯಿಂದ ನಿಂತಿದ್ದು ಹೋದರು.

"ಹೆದರಿಬಿಟ್ರು," ಎಂದರು ಮಾವ.

ಮೇಣದಣ್ಣನಿಗೂ ಹಾಗೇ ಅನ್ನಿಸಿತು. ಹಳೆಯ ಕಾಲದ ಮರ್ಯಾದೆ ಇನ್ನೂ ಇದೆ, ಹೊಸಬರಿಗೂ ಅದರ ಮುಂದೆ ತಲೆ ತಗ್ಗುತ್ತದೆ ಎಂದು ಎದೆ ತುಂಬಿ ಬಂತು. ಆ ತುಂಬಿದ ಎದೆಯಲ್ಲೇ ಒಬ್ಬ ನಿವೃತ್ತ ಮೇಷ್ಟ್ರ ಪುಟ್ಟ ದವಡೆಗೆ ಲಾರಿ ಡ್ರೈವರೊಬ್ಬರ ಹಲ್ಲುಗಳನ್ನು ಜೋಡಿಸಿಬಿಟ್ಟ. ಡ್ರೈವರರ ದವಡೆಗೆ ಮೇಷ್ಟ್ರ ಹಲ್ಲು ಹೋಯಿತು. ಮಧ್ಯಾಹ್ನ ಯಜಮಾನರು ಎರಡೂ ಸೆಟ್ಟಿನ ಡಬ್ಬಿ ಹಿಡಿದುಕೊಂಡು, ಬಾಯಿಗೆ ಕೂರುತ್ತದೆಯೇ ಎಂದು ನೋಡಲು ದಂತವೈದ್ಯರಲ್ಲಿಗೆ ಹೊರಟರು.

ಊಟಕ್ಕೆ ಮೇಣದಣ್ಣ ಏಳಲಿಲ್ಲ. ಬಿಲ್ ಮೇಡಂ ತಮ್ಮ ಡಬ್ಬಿಯ ಊಟ ತಂದು ಪಕ್ಕದಲ್ಲಿಟ್ಟರು, ಅವನು ಎಡಗೈಯಲ್ಲಿ ತಟ್ಟುತ್ತಾ ಬಲಗೈಯಲ್ಲಿ ತಿಂದ. ಅಕ್ಕನ ಹೆಣವನ್ನು ನೋಡಿದ. ಮುಖ ಮಣ್ಣಿನ ಕಡೆಗಿತ್ತು. ಬೆನ್ನ ಮೇಲೆ ಅದೇ ಹಳೇ ನೀಲಿ ಕಂಬಳಿ, ಈಗಿನವರು ಉಚಿತವಾಗಿ ಕೊಟ್ಟರೂ ಮುಟ್ಟದಂಥದ್ದು. ಇಷ್ಟು ವರ್ಷ ಒಂದು ಸಲವೂ ಅವಳ ನಿಜವಾದ ಹೆಸರು ಕೇಳಲಿಲ್ಲವಲ್ಲ ಎಂದು ಅವನಿಗೆ ಬೇಸರವಾಯಿತು. ಇವತ್ತು ಬಂದ ತಕ್ಷಣ ಕೇಳಬೇಕು, ಫೋನ್ ನಂಬರೂ ಕೇಳಬೇಕು ಎಂದುಕೊಂಡ.

ನಾಲ್ಕು ಗಂಟೆ ಆಗುವುದಕ್ಕೂ ಯಜಮಾನರು ಬಾಗಿಲು ತಳ್ಳಿಕೊಂಡು ಬರುವುದಕ್ಕೂ ಸರಿಹೋಯಿತು.

"ಮೇಣದೋನೇ, ಒಳಗೆ ಬಾ."

ಆ ದನಿ ಕೇಳಿ ಅಚ್ಚಿನ ದವಡೆಗಳೂ ಬಾಯಿ ಮುಚ್ಚಿಕೊಂಡವು. ಮೇಣದಣ್ಣ ಫೋನನ್ನು ನೋಡಿದ, ಮಾವನನ್ನು ನೋಡಿದ.

"ನೀನು ಹೋಗು, ನಾನು ನೋಡ್ಕೋತೀನಿ," ಎಂದರು ಮಾವ. ಬೆರಳಲ್ಲಿ ತಟ್ಟುವುದು ಅವರಿಗೆ ಅವಮಾನ. ಮೋಟರಿನ ಚಕ್ರಕ್ಕೆ ಒಂದು ಹಳೇ ರಬ್ಬರಿನ ತುಂಡು ಕಟ್ಟಿ, ಅದು ಸುತ್ತಿದಾಗಲೆಲ್ಲ ಪರದೆಗೆ ಬಡಿಯುವ ಹಾಗೆ ಫೋನು ನಿಲ್ಲಿಸಿದರು. ಎಲ್ಲಿ ಬಡಿಯುತ್ತಿದೆ ಎಂದು ಬಿಲ್ ಮೇಡಂ ಬಗ್ಗಿ ನೋಡಿದರು. ಜಿಗಿಯುವ ಗುಂಡಿಯ ಮೇಲೆ ಬಡಿಯುತ್ತಿತ್ತು. ಪರದೆಯೊಳಗಿನ ಕಾವಲುಗಾರ ಹೆಣದ ಮೇಲೆ ಹತ್ತಿ ಕುಣಿಯತೊಡಗಿದ.

"ಪರವಾಗಿಲ್ವಾ?" ಎಂದರು ಮೇಡಂ.

"ಚುರುಕಾಗಿದ್ದಾನೆ, ಬಿಡಿ," ಎಂದರು ಮಾವ.

ಗಾಜಿನ ಕೋಣೆಯಲ್ಲಿ ಯಜಮಾನರು ಮೇಷ್ಟ್ರ ಬಾಯಿಯನ್ನು ಅಭಿನಯಿಸಿ ತೋರಿಸುತ್ತಿದ್ದರು. "ಮುಚ್ಚೋಕೇ ಆಗ್ಲಿಲ್ಲ ಕಣೋ ಅವರಿಗೆ. ಆ ಡ್ರೈವರ್ ಇದ್ದಾರಲ್ಲ, ಅವರು ನಕ್ಕರೆ ಹಾಲುಹಲ್ಲಿನ ಮಗು ನಕ್ಕ ಹಾಗೆ. ಡಾಕ್ಟ್ರು ನನ್ನ ಮುಖ ನೋಡಿದ್ರು. ನಾನು ಯಾರ ಮುಖ ನೋಡ್ಲಿ?"

"ತಪ್ಪಾಯ್ತು ಸಾರ್."

"ಎರಡೂ ಸೆಟ್ ಬಿಚ್ಚಿ ಜೋಡ್ಸು. ಮುಗಿಸದೆ ಮನೆಗೆ ಹೋಗೋ ಹಾಗಿಲ್ಲ."

ಮೇಣದಣ್ಣ ಓಡಿ ಬಂದು ಚಕ್ರ ನಿಲ್ಲಿಸಿ ಫೋನು ಕಿತ್ತುಕೊಂಡ. ಹೆಣದಿಂದ ಸ್ವಲ್ಪ ದೂರದಲ್ಲಿ ಹರಕು ಬಟ್ಟೆಯ ಒಬ್ಬಳು ನಿಂತಿದ್ದಳು. ಬಾವಿಯಿಂದ ಎದ್ದು ಬಂದವರ ವೇಷ. 'ಅಕ್ಕಾ, ನೀವೇನಾ?' ಎಂದು ಬರೆದ.

ಅವಳು ನಿಂತಲ್ಲೇ ನಿಂತಿದ್ದಳು.

'ಅಕ್ಕಾ, ನಾನು ತಮ್ಮ. ಬನ್ನಿ, ತಗೊಳ್ಳಿ.'

ಅವಳು ಒಂದು ಹೆಜ್ಜೆ ಮುಂದೆ ಬಂದಳು, ನಿಂತಳು. ಮಾತಿಲ್ಲ. ಮತ್ತೆ ಬರೆದ, ಮತ್ತೆ ಮಾತಿಲ್ಲ. ಅಕ್ಕ ಮಾತಾಡದೆ ಇರುವವಳೇ ಅಲ್ಲ. ಸತ್ತು ಬಿದ್ದಾಗಲೂ ಮಾತಾಡುತ್ತಿದ್ದವಳು. ಹೀಗೆ ಕೇಳಿದ್ದಕ್ಕೆ ಉತ್ತರ ಕೊಡದೆ ಗೂಟದ ಹಾಗೆ ನಿಲ್ಲುವವರು ಈಗಿನ ಕಾಲದವರು, ಹರಕು ಬಟ್ಟೆಯ ವೇಷದಲ್ಲಿ ಕದಿಯಲು ಬಂದವರು. ಅವನು ಕತ್ತಿ ಎತ್ತಿದ. ಅವಳು ಹಿಂದೆ ಸರಿದಳು, ಬಂಡೆಯ ಆ ಕಡೆಯಿಂದ ಸುತ್ತಿ ಮತ್ತೆ ಬಂದಳು.

"ಬಿಡ್ಬೇಡಿ ಅವಳನ್ನ," ಎಂದರು ಬಿಲ್ ಮೇಡಂ ಹಿಂದಿನಿಂದ.

"ಒಂದು ಕೊಡು," ಎಂದರು ಮಾವ.

ಮೇಣದಣ್ಣ ಒಂದು ಕೊಟ್ಟ. ಮೈಮೇಲೆ ಕವಚವಿಲ್ಲದವಳು ಒಂದೇ ಏಟಿಗೆ ಮಾಯವಾದಳು. ಹಿಂದಿನಿಂದ ಚಪ್ಪಾಳೆ ಬಿತ್ತು. ಅವನಿಗೆ ಏನೋ ಒಂದು ಥರ ಆಯಿತು, ಆದರೂ ಕಾವಲು ಕಾವಲೇ. ಆಮೇಲೆ ಯಾರೂ ಬರಲಿಲ್ಲ. ಅಕ್ಕನೂ ಬರಲಿಲ್ಲ. ಅಕ್ಕಾ, ಬೇಗ ಬನ್ನಿ ಎಂದು ಅವನು ಗಡಿಯಾರ ನೋಡುತ್ತಲೇ ಇದ್ದ.

ಐದು ಗಂಟೆಗೆ ಹೆಣ ಮಾಯವಾಯಿತು. ಫೋನಿನಲ್ಲಿ ನಗಾರಿ ಬಾರಿಸಿತು, ಪರದೆಯ ತುಂಬ ಚಿನ್ನದ ನಾಣ್ಯ ಸುರಿಯಿತು. ಕನ್ನಡಕವಿಲ್ಲದ ಮಾವನಿಗೆ ಚಿನ್ನ ಮಾತ್ರ ಕಂಡಿತು. "ಗೆದ್ದ ಕಣ್ರೀ," ಎಂದು ಅವರು ಮೇಡಂ ಕೈ ಕುಲುಕಿದರು. ಚಿನ್ನದ ಕೆಳಗಿದ್ದ ಸಣ್ಣ ಅಕ್ಷರ ಓದಿದವನು ಮೇಣದಣ್ಣ ಒಬ್ಬನೇ.

'ಅಭಿನಂದನೆಗಳು. ಇಂದಿನ ಅತಿ ದೊಡ್ಡ ದರೋಡೆಕೋರ ನೀವು. ಪರರ ಹೆಣದ ಬಳಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವವರನ್ನು ದರೋಡೆಕೋರರೆಂದು ಪರಿಗಣಿಸಿ ಮುಖವಾಡ ತೊಡಿಸಲಾಗುತ್ತದೆ; ತೊಟ್ಟವರಿಗೆ ಅದು ಕಾಣುವುದಿಲ್ಲ. ಮುಖವಾಡ ಇರುವವರೆಗೆ ಅವರ ಮಾತು ಯಾರಿಗೂ, ಯಾರ ಮಾತೂ ಅವರಿಗೆ ತಲುಪುವುದಿಲ್ಲ. ದರೋಡೆಕೋರ ನಿಂತಿರುವಷ್ಟು ಹೊತ್ತು ಹೆಣದ ಒಡೆಯರು ಸಾಮಾನು ಮುಟ್ಟುವಂತಿಲ್ಲ. ಒಂದು ನೀಲಿ ಕಂಬಳಿ ಮತ್ತಿತರ ವಸ್ತುಗಳು ನಿಮ್ಮ ಚೀಲ ಸೇರಿವೆ. ಮುಖವಾಡ ಕಳಚಿದೆ. ತಡೆಹಿಡಿದ ಸಂದೇಶಗಳನ್ನು ಈಗ ಓದಬಹುದು.'

ಮೇಣದಣ್ಣ ಫೋನನ್ನು ಎದೆಗೆ ಹತ್ತಿರ ತಂದುಕೊಂಡು ಓದಿದ.

'ತಮ್ಮಾ, ಬಂದೆ. ಎಲ್ಲಿದ್ದೀಯಾ?'

'ಇಲ್ಲೊಬ್ಬ ಕಳ್ಳ ನಿಂತಿದ್ದಾನೆ. ನೀನೇನಾ ಅಂತ ಕೇಳ್ದೆ, ಮಾತಾಡ್ಲಿಲ್ಲ. ನೀನಾಗಿದ್ರೆ ಮಾತಾಡ್ತಿದ್ದೆ.'

'ನನ್ನ ಹೆಣದ ಮೇಲೆ ಹತ್ತಿ ಕುಣೀತಿದ್ದಾನೆ ಕಣೋ.'

'ಅಲ್ಲಿರೋದು ಹಳೇ ಸಾಮಾನು, ನಿನಗ್ಯಾಕಪ್ಪ ಅಂತ ಎಷ್ಟು ಕೇಳ್ಕೊಂಡ್ರೂ ಬಿಡ್ಲಿಲ್ಲ. ಕತ್ತಿಯಲ್ಲಿ ಹೊಡೆದ.'

'ನಿನ್ನ ಮೇಲೆ ಬೇಜಾರಿಲ್ಲ ತಮ್ಮಾ. ಕೆಲಸದಲ್ಲಿ ಸಿಕ್ಕಾಕೊಂಡಿರ್ತೀಯ. ಆಟ ಮಾತ್ರ ಬದಲಾಗಿದೆ ಅನ್ಕೊಂಡಿದ್ದೆ, ಜನಾನೂ ಬದಲಾಗಿದ್ದಾರೆ. ನನ್ನ ಖಾತೆ ಮುಚ್ತಿದ್ದೀನಿ. ಇನ್ನು ಬರಲ್ಲ. ನೀನು ಮಾತ್ರ ಹಾಗೇ ಇರು.'

'ಅಕ್ಕಾ, ಆ ಕಳ್ಳ ನಾನೇ' ಎಂದು ಅವನು ಬರೆದ. ಬೆರಳಿಗೆ ಮೆತ್ತಿದ್ದ ಮೇಣಕ್ಕೆ ಅಕ್ಷರಗಳು ತಪ್ಪಿದವು, ಅಳಿಸಿ ಮತ್ತೆ ಬರೆದು ಕಳಿಸಿದ. ಆಟ ತಕ್ಷಣ ಉತ್ತರ ಕೊಟ್ಟಿತು. 'ಈ ಹೆಸರಿನವರು ಯಾರೂ ಇಲ್ಲ. ಹೊಸ ಗೆಳೆಯರನ್ನು ಹುಡುಕಿಕೊಡಬೇಕೇ?' ಅದರ ಕೆಳಗೆ ಮುಖವಾಡದವರ ಅರ್ಜಿಗಳು ಸಾಲುಗಟ್ಟಿದ್ದವು. ಗುರುಗಳೇ, ಶಿಷ್ಯನನ್ನಾಗಿ ಸ್ವೀಕರಿಸಿ.

ಅವನು ಫೋನನ್ನು ಕವುಚಿ ಹಾಕಿ, ಮೇಷ್ಟ್ರ ದವಡೆಯನ್ನು ಕೈಗೆತ್ತಿಕೊಂಡು ಲಾರಿ ಡ್ರೈವರರ ಹಲ್ಲುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

"ಅಕ್ಕ ಸಿಕ್ಕಿದ್ರಾ?" ಬಿಲ್ ಮೇಡಂ ಚೀಲ ಹೆಗಲಿಗೇರಿಸಿಕೊಳ್ಳುತ್ತಾ ಕೇಳಿದರು.

"ಸಿಕ್ಕಿದ್ರು."

"ಏನಂದ್ರು?"

"ನೀನು ಹೀಗೇ ಇರು ಅಂದ್ರು."

"ನೋಡಿದ್ರಾ, ನಿಯತ್ತಿಗೆ ಬೆಲೆ ಇದ್ದೇ ಇದೆ," ಎಂದು ಮೇಡಂ ತೃಪ್ತಿಯಿಂದ ಹೊರಟರು.

ಪಾಲಿಶ್ ಮಾವ ಮೋಟರಿಗೆ ಬಟ್ಟೆ ಹೊದಿಸಿ, ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಅಲ್ಲಯ್ಯಾ, ನಾನೂ ಅಷ್ಟೊತ್ತು ಕಷ್ಟಪಟ್ಟೆ. ನನ್ನ ಮೋಟರಿನ ವಿಷಯ ಹೇಳಿದ್ಯಾ ಅವರಿಗೆ?"

"ಹೇಳೋದೇನು ಮಾವ," ಎಂದ ಮೇಣದಣ್ಣ, ತಲೆ ಎತ್ತದೆ. "ಅವರೇ ಕಣ್ಣಾರೆ ನೋಡಿದ್ದಾರೆ."