ಕೊನೆಯ ರೀಲಿನಲ್ಲಿ ಸುಧಾರಿಸಿದ ಜರ್ಮನಿ

ಮೊದಲೇ ಒಪ್ಪಿಕೊಳ್ಳುತ್ತೇನೆ: ಆ ಸಂಜೆ ಮಣಿಪಾಲದಲ್ಲಿ ಆದ ಅನಾಹುತಕ್ಕೆ ಜರ್ಮನಿಯೂ ಕಾರಣವಲ್ಲ, ಪ್ರೊಜೆಕ್ಟರೂ ಕಾರಣವಲ್ಲ. ಕಾರಣ ನನ್ನ ಬಾಯಿ. ಯಾರ ಸ್ವರ ಕೇಳಿದರೂ ಅನುಕರಿಸದೆ ಬಿಡದ ಬಾಯಿ ಅದು. ಕಡಿಯಾಳಿಯ ನಮ್ಮ ಮನೆಯಲ್ಲಿ ಅಪ್ಪನ ಸ್ವರ ತೆಗೆದು ಅಮ್ಮನಿಂದ ಎರಡೆರಡು ಸಲ ಕಾಫಿ ತರಿಸಿ ಕುಡಿದವನು ನಾನು. ಅಪ್ಪ ಬಂದ ಮೇಲೆ ತಿಂದದ್ದು ಬೇರೆ!

ತುರ್ತು ಪರಿಸ್ಥಿತಿಯ ಕಾಲ. ನಮ್ಮ ಚಿತ್ರಸಮಾಜ ಒಂದು ಇಂಗ್ಲಿಷ್ ಚಿತ್ರ ತರಿಸಿತ್ತು. ರಂಗದ ಮೇಲೆ ಆಡಿದ ಹಾಡುನಾಟಕವನ್ನು ಹಾಗೆಯೇ ಚಿತ್ರೀಕರಿಸಿದ್ದು. ಜರ್ಮನಿಯ ಒಂದು ಕ್ಯಾಬರೆ ನೃತ್ಯಶಾಲೆಯಲ್ಲಿ ದೊಗಳೆ ಕೋಟಿನ ಹಾಸ್ಯಗಾರನೊಬ್ಬ ದೊಡ್ಡವರನ್ನೆಲ್ಲ ಗೇಲಿ ಮಾಡುತ್ತಾನೆ. ಹೊರಗೆ ಸರ್ವಾಧಿಕಾರ ಬೆಳೆಯುತ್ತದೆ. ಒಳಗೆ ಸಮವಸ್ತ್ರದವರು ಹೆಚ್ಚಿದ ಹಾಗೆ ಅವನ ಹಾಸ್ಯ ಕಡಿಮೆಯಾಗುತ್ತದೆ. ಕೊನೆಗೆ ಕುರ್ಚಿ ತುಂಬ ಅವರೇ. ಅವನು ಅಳುತ್ತಾ ಅವರನ್ನೇ ಹೊಗಳಿ ಹಾಡುತ್ತಾನೆ.

ಪ್ರೊಜೆಕ್ಟರ್ ಇದ್ದದ್ದು ಒಂದೇ. ರೀಲು ಮುಗಿದಾಗಲೆಲ್ಲ ದೀಪ ಹಾಕಿ, ಹಮೀದ್ ಇನ್ನೊಂದನ್ನು ಏರಿಸುವಷ್ಟು ಹೊತ್ತು ನಾನು ಮೈಕಿನಲ್ಲಿ ಮುಂದಿನ ಕಥೆಯನ್ನು ತಾಳಮದ್ದಳೆಯ ಅರ್ಥ ಹೇಳಿದ ಹಾಗೆ ಕನ್ನಡದಲ್ಲಿ ಹೇಳಬೇಕು. ಇಂಥ ಘನ ಜವಾಬ್ದಾರಿಗೆ ಜಿಲ್ಲೆಯಲ್ಲೇ ನನಗಿಂತ ಯೋಗ್ಯರಿಲ್ಲ ಎಂದು ಸರ್ವಾನುಮತದಿಂದ ತೀರ್ಮಾನಿಸಿದ್ದೆ. ಮತ ಹಾಕಿದವನು ನಾನೊಬ್ಬನೇ.

ಹಮೀದ್ ಕಾಪುವಿನವನು, ನನ್ನ ಗೆಳೆಯ. ದುಬೈಯಲ್ಲಿದ್ದ ಅವನ ಮಾಮ ಕೆಲಸ ನೋಡಿಟ್ಟಿದ್ದರು. ಪಾಸ್‌ಪೋರ್ಟ್ ಒಂದು ಸಿಕ್ಕಿದರೆ ಹೊರಟ.

"ಪೊಲೀಸ್ ವರದಿ ಎಸ್ಸೈಯವರ ಮೇಜಿನಲ್ಲಿ ಉಂಟು," ಎಂದ. "ಅವರಿಗೆ ಮುಂದಿನ ಸಾಲಿನ ಪಾಸು ಕೊಟ್ಟು ಕರೆದು ಬಂದಿದ್ದೇನೆ. ಇವತ್ತೊಂದು ದಿನ ಅವರ ಸ್ವರ ತೆಗೆಯಬೇಡ ಮಾರಾಯ."

"ಎಂತ ಹಮೀದ್, ನನಗೆ ಅಷ್ಟೂ ಬುದ್ಧಿ ಇಲ್ವಾ?"

"ಇಲ್ಲ. ಅದಕ್ಕೇ ಹೇಳಿದ್ದು."

ಕಾರ್ಕಳದಿಂದ ವರ್ಗವಾಗಿ ಬಂದ ಆ ಎಸ್ಸೈ ಎರಡು ಸಲ ಕೆಮ್ಮದೆ ಯಾರನ್ನೂ ಗದರಿಸುವವರಲ್ಲ. ಆ ಕೆಮ್ಮನ್ನು ನಾನು ಊರಿಡೀ ಕೆಮ್ಮಿ ತೋರಿಸಿದ್ದೆ.

ಮೊದಲ ರೀಲಿಗೆ ಅವರು ಬರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಕಾನ್‌ಸ್ಟೇಬಲ್ ಮಾತ್ರ. ದೀಪ ಹತ್ತಿದಾಗ ಮೂವರಾಗಿದ್ದರು! ಚಿತ್ರದಲ್ಲಿ ಆದದ್ದೂ ಇದೇ ಅಲ್ವಾ? ನನಗೆ ಹೆದರಿಕೆಯಾದರೆ ಬಾಯಿ ನಿಲ್ಲುವುದಿಲ್ಲ, ಓಡುತ್ತದೆ.

"ಆಗ ಸಮವಸ್ತ್ರದ ನಾಯಕ ನೃತ್ಯಶಾಲೆಗೆ ನುಗ್ಗಿ ಹೇಳುತ್ತಾನೆ," ಎಂದೆ. ಮುಂದಿನದನ್ನು ನಾನು ಹೇಳಲಿಲ್ಲ; ಅದು ತಾನಾಗಿಯೇ ಬಂತು. "ಉಹ್ಞು! ಉಹ್ಞು! ಎಂತ ಗಲಾಟೆ ಇಲ್ಲಿ?"

ಸಭೆ ನಕ್ಕಿತು. ಕಾನ್‌ಸ್ಟೇಬಲ್‌ಗಳು ಎಲ್ಲರಿಗಿಂತ ಜೋರಾಗಿ ನಕ್ಕರು. ಫಕ್ಕನೆ ನಿಲ್ಲಿಸಿದರು. ಬಾಗಿಲಲ್ಲಿ ಎಸ್ಸೈ ನಿಂತಿದ್ದರು.

ಅವರು ನಿಧಾನವಾಗಿ ಬಂದು ಮುಂದಿನ ಸಾಲಿನಲ್ಲಿ ಕುಳಿತು, ಟೊಪ್ಪಿ ತೆಗೆದು ತೊಡೆಯ ಮೇಲೆ ಇಟ್ಟರು. ಹಮೀದ್ ನನ್ನ ಕಡೆ ತಿರುಗದೆ ರೀಲು ಏರಿಸಿ ದೀಪ ಆರಿಸಿದ. ಎರಡನೇ ರೀಲು ಮುಗಿಯುವವರೆಗೆ ನಾನು ಪರದೆಯನ್ನು ನೋಡಲಿಲ್ಲ, ಆ ಟೊಪ್ಪಿಯನ್ನೇ ನೋಡಿದೆ.

ಮತ್ತೆ ದೀಪ. ಹಮೀದನ ದುಬೈಯನ್ನು ಉಳಿಸುವುದು ಈಗ ನನ್ನ ಕೈಯಲ್ಲಿತ್ತು.

"ಮಹನೀಯರೇ," ಎಂದೆ, "ಕೊನೆಯ ರೀಲಿನಲ್ಲಿ ಸಮವಸ್ತ್ರದವರು ಎಲ್ಲವನ್ನೂ ಸರಿಮಾಡುತ್ತಾರೆ. ಊರಿಗೆ ಶಿಸ್ತು ಬರುತ್ತದೆ. ಬಸ್ಸುಗಳು ಹೊತ್ತಿಗೆ ಸರಿಯಾಗಿ ಓಡುತ್ತವೆ. ಹಾಸ್ಯಗಾರ ತನ್ನ ತಪ್ಪು ತಿಳಿದು, ಮದುವೆಯಾಗಿ, ಸುಖವಾಗಿರುತ್ತಾನೆ!"

ದೀಪ ಆರಿತು. ಚಿತ್ರ ನನ್ನ ಮಾತು ಕೇಳಲಿಲ್ಲ. ಸಮವಸ್ತ್ರದವರು ಕನ್ನಡಿ ಒಡೆದರು, ಪಿಯಾನೊ ಒಡೆದರು. ಹಾಸ್ಯಗಾರ ಅಳುತ್ತಾ ಹಾಡಿದ.

"ಇವನ ಮದುವೆ ಯಾವಾಗ ಮಾರಾಯ?" ಎಂದು ಕತ್ತಲಲ್ಲಿ ಯಾರೋ ಕೇಳಿದರು.

ಮುಗಿದ ಮೇಲೆ ಎಸ್ಸೈ ನೇರ ಪ್ರೊಜೆಕ್ಟರಿನ ಬಳಿ ಬಂದರು. ನಾನು ಅಡ್ಡ ನಿಂತೆ. "ಸರ್, ತಪ್ಪೆಲ್ಲ ನನ್ನದು. ಇವನ ಪಾಸ್‌ಪೋರ್ಟ್..."

"ಅದಕ್ಕೆ ಮಧ್ಯಾಹ್ನವೇ ಸಹಿ ಹಾಕಿ ಕಳಿಸಿದ್ದೇನೆ," ಎಂದರು. ಹಮೀದ್ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಎಸ್ಸೈ ಟೊಪ್ಪಿ ಹಾಕಿಕೊಂಡರು. ಎರಡು ಸಲ ಕೆಮ್ಮಿದರು. ಈ ಸಲ ಕೆಮ್ಮಿದ್ದು ಅವರೇ.

"ಆ ಹಾಸ್ಯಗಾರನಿಂದ ಹೊಗಳಿಸಿಕೊಳ್ಳಲಿಕ್ಕೆ ಅಷ್ಟು ದೊಡ್ಡ ದಂಡು ಬೇಕಾಯಿತು. ನಿನಗೆ ನನ್ನದೊಂದು ಟೊಪ್ಪಿ ಸಾಕಾಯಿತಲ್ಲ ಮಾರಾಯ!"